ಮರುಭೂಮಿಯ ದೇಗುಲಗಳು

ಮರುಭೂಮಿ ಎಂದೊಡನೆ ನಿಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರ ಯಾವುದು? ಕಣ್ಣು ಹರಿದಷ್ಟು ದೂರ ಮರಳಿನ ದಿಬ್ಬ, ಸಾಲುಗಟ್ಟಿ ನಡೆಯುವ ಒಂಟೆಗಳು, ನೀರೆಂದು ನಂಬಿಸಿ ಓಡಿಸುವ ಬಿಸಿಲ್ಗುದುರೆ, ಇಷ್ಟೇ ತಾನೆ? 'ಮರು' ಎಂಬ ಶಬ್ದವನ್ನು ಸಾಯುವುದೆಂಬ ಅರ್ಥದ 'ಮೃ' ಧಾತುವಿನಿಂದ ಸಾಧಿಸಿ, ಎಲ್ಲಿ ಪ್ರಾಣಿಗಳು ನೀರಿಲ್ಲದೆ ಸಾಯುತ್ತವೆಯೋ ಅದೇ ಮರು ಎಂದು ವ್ಯುತ್ಪತ್ತಿ ಹೇಳುವುದುಂಟು. ನಾನೂ ಬಹುಕಾಲ ತರಗತಿಯಲ್ಲಿ ಹುಡುಗರಿಗೆ ಹೀಗೆಯೇ ಹೇಳಿಕೊಡುತ್ತಿದ್ದೆ. ಆ ನಾಡನ್ನು ಕಣ್ಣಾರೆ ಕಂಡು ಬಂದ ಮೇಲೆ ಈ ವ್ಯುತ್ಪತ್ತಿಯನ್ನು ಕೈಬಿಟ್ಟಿಲ್ಲ. ಆದರೆ ಅದರ ಜೊತೆಗೆ ಇನ್ನೊಂದು ಮಾತನ್ನು ಸೇರಿಸಿ ಹೇಳುತ್ತೇನೆ. ಆ ಮಾತು ಯಾವುದೆಂಬುದನ್ನು ನಿಮ್ಮ ಮುಂದಿಡುವುದೇ ಈ ಭಾಷಣದ ಉದ್ದೇಶ.

ರಾಜಸ್ಥಾನದ ಪಶ್ಚಿಮಕ್ಕೆ ಹಬ್ಬಿರುವ ಥಾರ್ ಮರುಭೂಮಿಯಲ್ಲಿ ಸಾವಿರ ವರ್ಷಗಳಿಗೂ ಹಿಂದಿನ ಹಿಂದೂ ದೇವಾಲಯಗಳೂ ಜಿನಾಲಯಗಳೂ ಇವೆ. ಅವನ್ನು ನೋಡಬೇಕೆಂಬ ಆಸೆಯಿಂದ ಒಂದು ಚಳಿಗಾಲದಲ್ಲಿ ರಜೆ ಪಡೆದು ನಾನು, ನನ್ನ ಮನೆಯಾಕೆ, ಚರಿತ್ರೆಯ ಪಾಠ ಹೇಳುವ ನನ್ನ ಸಹೋದ್ಯೋಗಿ, ಮೂವರೂ ಹೊರಟೆವು. ನೀವು ಹೋಗುವುದಾದರೂ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಯೋಗ್ಯವಾದುದು. ಆ ಪ್ರಾಂತದ ಫಲೋದಿ ಎಂಬ ಊರಿನಲ್ಲಿ ೨೦೧೬ರ ಮೇ ತಿಂಗಳಲ್ಲಿ ಬಿಸಿಲು ೫೧ ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಿತ್ತು ಎಂದರೆ ಬೇಸಗೆಯ ಮಾತು ಆಡಬೇಕಾದ್ದಿಲ್ಲ. ಚಳಿಗಾಲದಲ್ಲಾದರೋ ಹಗಲು ಹಿತವಾಗಿರುತ್ತದೆ. ರಾತ್ರಿ ಮಾತ್ರ ಕಂಬಳಿ ಬೇಕೇ ಬೇಕು.

ಜೋಧಪುರದಿಂದ ಉತ್ತರಕ್ಕೆ ಸುಮಾರು ೬೫ ಕಿಲೋಮೀಟರು ದೂರದಲ್ಲಿ ಓಸಿಯಾ ಎಂಬ ಊರಿದೆ. ಜೋಧಪುರದಿಂದ ಜೈಸಲ್ಮೇರಿಗೆ ಹೋಗುವ ರೈಲುದಾರಿಯಲ್ಲೇ ಇದು ಸಿಕ್ಕುತ್ತದೆ. ದಾರಿಯುದ್ದಕ್ಕೂ ಹೊಲಗಳ ನಡುವೆ ಒಂಟಿಯಾಗಿ ನಿಂತ ಮರಗಳನ್ನು ಕಂಡು ಯಾವ ಮರವೆಂದು ವಿಚಾರಿಸಿದೆವು. ಅಲ್ಲಿಯವರು ಅದಕ್ಕೆ 'ಖೇಜಡೀ' ಎನ್ನುತ್ತಾರೆ. ಹತ್ತಿರ ಹೋಗಿ ಎಲೆ ನೋಡಿದರೆ, ವಿಜಯದಶಮಿಯ ದಿನ ನಾವು ಒಬ್ಬರಿಗೊಬ್ಬರು ಕೊಟ್ಟು ಬಂಗಾರವೆಂದು ಕಣ್ಣಿಗೊತ್ತಿಕೊಳ್ಳುವ ಬನ್ನಿಯೇ! ಸಾವಿರಾರು ಮೈಲಿ ದೂರ ಬಂದು ಮನೆಯ ಹಿತ್ತಿಲ ಮರವನ್ನು ಕಂಡಂತಾಯಿತು.

ಓಸಿಯಾ ಊರಿನ ಹಳೆಯ ಹೆಸರು ಉಪಕೇಶಪುರ. ಕ್ರಿ. ಶ. ಎಂಟನೆಯ ಶತಮಾನದಿಂದ ಹನ್ನೆರಡನೆಯ ಶತಮಾನದವರೆಗೆ ಇಲ್ಲಿ ದೇವಾಲಯಗಳು ಏಳುತ್ತಲೇ ಇದ್ದವು. ಊರಿನ ಹೊರಗೆ ಮೂರು ಹರಿಹರ ದೇವಾಲಯಗಳಿವೆ. ಹರಿಹರ ಎಂದರೆ ನಮಗೆ ತುಂಗಭದ್ರೆಯ ದಡದ ಊರೇ ನೆನಪಿಗೆ ಬರುವುದು ಸಹಜ. ಅಲ್ಲಿಯ ಹರಿಹರೇಶ್ವರ ದೇವಾಲಯ ಹೊಯ್ಸಳರ ಕಾಲದ್ದು, ೧೨೨೪ರಲ್ಲಿ ಕಟ್ಟಿದ್ದು. ಓಸಿಯಾದ ಹರಿಹರರು ಅದಕ್ಕಿಂತ ನಾಲ್ಕು ಶತಮಾನಗಳಷ್ಟು ಹಿರಿಯರು. ಎತ್ತರವಾದ ಜಗತಿಯ ಮೇಲೆ ನಡುವೆ ದೊಡ್ಡ ಗುಡಿ, ನಾಲ್ಕು ಮೂಲೆಗಳಲ್ಲಿ ನಾಲ್ಕು ಚಿಕ್ಕ ಗುಡಿ. ಇದಕ್ಕೆ ಪಂಚಾಯತನವೆಂದು ಹೆಸರು. ಶಿಖರಗಳು ಉತ್ತರದೇಶದ ನಾಗರ ಶೈಲಿಯವು. ಈ ಶೈಲಿ ಹೇಗಿರುತ್ತದೆಂದು ತಿಳಿಯಲು ನೀವು ಅಷ್ಟು ದೂರ ಹೋಗಬೇಕಾದ್ದೂ ಇಲ್ಲ. ಪಟ್ಟದಕಲ್ಲಿನಲ್ಲಿ ಗಳಗನಾಥನ ಗುಡಿಯನ್ನೋ ಕಾಶೀವಿಶ್ವನಾಥನ ಗುಡಿಯನ್ನೋ ನೋಡಿದವರಿಗೆ ಒಳಕ್ಕೆ ಬಾಗುತ್ತ ಮೇಲಕ್ಕೇರುವ ಆ ಶಿಖರ ಪರಿಚಿತವೇ. ಗೋಡೆಗಳ ಮೇಲೆ ಕೃಷ್ಣನ ಬಾಲಲೀಲೆಗಳನ್ನು ಕೆತ್ತಿದ ಪಟ್ಟಿಕೆಗಳಿವೆ. ಹಾಲು ಹೈನದ ಆ ಕಥೆಯನ್ನು ಹಸಿರೇ ಕಾಣದ ನೆಲದಲ್ಲಿ ಕಲ್ಲಿಗೆ ಇಳಿಸಿದ ಶಿಲ್ಪಿಯ ಮನಸ್ಸು ಎಂಥದಿರಬೇಕು!

ಅಲ್ಲಿಂದ ಊರೊಳಗೆ ಬಂದರೆ ಮಹಾವೀರನ ದೇವಾಲಯ. ಇದು ಪ್ರತೀಹಾರ ದೊರೆ ವತ್ಸರಾಜನ ಕಾಲದಲ್ಲಿ, ಎಂದರೆ ಎಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಆದದ್ದೆಂದು ಅಲ್ಲಿಯೇ ಇರುವ ೯೫೬ರ ಶಾಸನದಿಂದ ತಿಳಿಯುತ್ತದೆ. ವತ್ಸರಾಜನ ಹೆಸರು ಕೇಳಿದೊಡನೆ ನನ್ನ ಸಹೋದ್ಯೋಗಿಯ ಕಿವಿ ನಿಮಿರಿತು. "ಪಂಡಿತರೇ, ಈತ ನಮ್ಮ ಧ್ರುವನಿಗೆ ಸೋತವನಲ್ಲವೆ?" ಎಂದರು. ಹೌದು, ಅವನೇ. ಗಂಗೆಯವರೆಗೂ ದಂಡೆತ್ತಿ ಹೋದ ರಾಷ್ಟ್ರಕೂಟ ಧ್ರುವನು ವತ್ಸರಾಜನನ್ನು ಸೋಲಿಸಿ, ದಾರಿಯೇ ಇಲ್ಲದ ಮರುಭೂಮಿಯ ನಡುವಿಗೆ ಅಟ್ಟಿದನೆಂದು ಅವನ ಮಗ ಮುಮ್ಮಡಿ ಗೋವಿಂದನ ತಾಮ್ರಶಾಸನಗಳು ಕೊಂಡಾಡುತ್ತವೆ. ಆ ಶಾಸನದ ವಿಷಯವನ್ನು ನಾವು ಎಷ್ಟೋ ಸಲ ಹೆಮ್ಮೆಯಿಂದ ಪಾಠ ಹೇಳಿದ್ದೇವೆ. ಆದರೆ ಅಟ್ಟಿಸಿಕೊಂಡ ದೊರೆಯ ನಾಡಿನಲ್ಲಿ ನಿಂತು, ಅವನ ಕಾಲದ ಈ ಸುಂದರವಾದ ಗುಡಿಯನ್ನು ನೋಡಿದಾಗ ಆ ಹೆಮ್ಮೆಯ ಬಣ್ಣ ಸ್ವಲ್ಪ ಬೇರೆಯಾಯಿತು. ಗೆದ್ದವರು ಬರೆಸಿದ ತಾಮ್ರಪಟದಲ್ಲಿ ಮರುಭೂಮಿಯೆಂದರೆ ಬರಿಯ ಸೋಲಿನ ಸ್ಥಳ. ಇಲ್ಲಿ ಬಾಳಿದವರಿಗೆ ಅದು ಮನೆ.

ಓಸಿಯಾದಲ್ಲಿ ನೀವು ತಪ್ಪದೆ ನೋಡಬೇಕಾದದ್ದು ಗುಡ್ಡದ ಮೇಲಿನ ಸಚ್ಚಿಯಾಮಾತೆಯ ಗುಡಿ. ದೇಶದಲ್ಲೆಲ್ಲ ವ್ಯಾಪಾರಕ್ಕೆ ಹೆಸರಾದ ಓಸ್ವಾಲ ಜೈನರಿಗೆ ಆ ಹೆಸರು ಬಂದದ್ದು ಈ ಊರಿನಿಂದಲೇ. ಅವರಲ್ಲಿ ಪರಂಪರೆಯಿಂದ ಬಂದ ಕಥೆಯೊಂದಿದೆ. ಇಲ್ಲಿಯ ದೇವಿ ಮೊದಲು ಬಲಿ ಬೇಡುವ ಚಾಮುಂಡೆಯಾಗಿದ್ದಳಂತೆ. ರತ್ನಪ್ರಭಸೂರಿಗಳೆಂಬ ಜೈನಾಚಾರ್ಯರು ಊರಿನವರನ್ನು ಜಿನಧರ್ಮಕ್ಕೆ ತಂದಾಗ ದೇವಿಯ ಗತಿ ಏನು? ಗುಡಿಯನ್ನು ಮುಚ್ಚಿಸಲಿಲ್ಲ, ವಿಗ್ರಹವನ್ನು ತೆಗೆಸಲಿಲ್ಲ. ರಕ್ತದ ಬದಲು ಸಿಹಿಯ ನೈವೇದ್ಯವನ್ನು ಸ್ವೀಕರಿಸುವಂತೆ ಆಚಾರ್ಯರು ದೇವಿಯನ್ನೇ ಒಡಂಬಡಿಸಿದರಂತೆ! ಅಂದಿನಿಂದ ಆಕೆ ಸಚ್ಚಿಯಾ, ಎಂದರೆ ಸತ್ಯವಂತೆ. ಇಂದಿಗೂ ಅಲ್ಲಿ ಹಿಂದೂಗಳೂ ಜೈನರೂ ಒಂದೇ ಸಾಲಿನಲ್ಲಿ ನಿಂತು ಕೈಮುಗಿಯುತ್ತಾರೆ. ಮದುವೆಯಾದ ಹೊಸಬರೂ ಚೌಲದ ಮಕ್ಕಳನ್ನು ಎತ್ತಿಕೊಂಡ ತಾಯಂದಿರೂ ದೂರದೂರದಿಂದ ಬರುತ್ತಾರೆ. "ನಮ್ಮ ಹೊಂಬುಜದ ಪದ್ಮಾವತಿ ಅಮ್ಮನ ಹಾಗೆಯೇ ಅಲ್ವೇನ್ರಿ?" ಎಂದಳು ನನ್ನ ಮನೆಯಾಕೆ. ಮಂಜುನಾಥಸ್ವಾಮಿಯ ಸನ್ನಿಧಿಯನ್ನು ಜೈನ ಮನೆತನ ನಡೆಸಿಕೊಂಡು ಬಂದಿರುವ ಧರ್ಮಸ್ಥಳವನ್ನು ಬಲ್ಲ ನಮಗೆ ಇದು ವಿಚಿತ್ರವಾಗಿ ತೋರಬೇಕಾದ್ದಿಲ್ಲ. ಒಂದು ಗುಡಿ ಸಾವಿರ ವರ್ಷ ಬಾಳಿತೆಂದರೆ ಅದನ್ನು ತನ್ನದೆನ್ನುವವರು ಒಂದಕ್ಕಿಂತ ಹೆಚ್ಚು ಮಂದಿ ಇದ್ದಾರೆಂದು ಅರ್ಥ.

ಹಾಗೆ ತನ್ನದೆನ್ನುವವರು ಇಲ್ಲವಾದರೆ ಏನಾಗುತ್ತದೆಂಬುದನ್ನು ಮುಂದಿನ ಊರಿನಲ್ಲಿ ಕಂಡೆವು. ಓಸಿಯಾದಿಂದ ಜೋಧಪುರಕ್ಕೆ ಹಿಂದಿರುಗಿ, ಅಲ್ಲಿಂದ ಬಾಡ್ಮೇರಿನ ರೈಲು ಹಿಡಿದೆವು. ಬಾಡ್ಮೇರಿನಿಂದ ಪಶ್ಚಿಮಕ್ಕೆ, ಪಾಕಿಸ್ತಾನದ ಗಡಿಯ ಕಡೆಗೆ, ಮೋಟಾರಿನಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣ ಮಾಡಿದರೆ ಕಿರಾಡು. ಹಳೆಯ ಹೆಸರು ಕಿರಾತಕೂಪ. ಕೂಪವೆಂದರೆ ಬಾವಿ, ಮರುಭೂಮಿಯಲ್ಲಿ ಊರಿಗೆ ಹೆಸರಿಡುವಾಗ ಮೊದಲು ನೆನಪಾಗುವುದು ನೀರೇ ಅಲ್ಲವೆ? ಹನ್ನೊಂದು ಹನ್ನೆರಡನೆಯ ಶತಮಾನಗಳಲ್ಲಿ, ಗುಜರಾತದ ಚೌಲುಕ್ಯರಿಗೆ ಸಾಮಂತರಾಗಿದ್ದ ಪರಮಾರರ ಕಾಲದಲ್ಲಿ, ಇದು ಹಿರಿದಾದ ಊರು. ಈಗ ಐದು ಗುಡಿಗಳ ಅವಶೇಷಗಳು ಮಾತ್ರ ಉಳಿದಿವೆ. ಅವುಗಳಲ್ಲಿ ಸೋಮೇಶ್ವರ ದೇವಾಲಯವೇ ಹಿರಿದು. ಬೇಲೂರು ಹಳೇಬೀಡುಗಳಂತೆ ಇಲ್ಲಿಯೂ ತಳಭಾಗದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆಗಳ ಸಾಲು, ಅದರ ಮೇಲೆ ಮನುಷ್ಯರ ಸಾಲು. ಕೆತ್ತನೆ ಅಷ್ಟು ಸೊಗಸು. ಆದರೆ ಒಳಗೆ ಪೂಜೆಯಿಲ್ಲ, ಹೊರಗೆ ಊರಿಲ್ಲ. ಗಾಳಿ ಬೀಸಿದಾಗ ಮರಳು ಕಂಬಗಳಿಗೆ ತಾಗುವ ಸದ್ದು ಮಾತ್ರ ಕೇಳಿಸುತ್ತದೆ.

ಇಲ್ಲಿಯ ಎರಡು ಶಾಸನಗಳ ವಿಷಯವನ್ನು ನಿಮಗೆ ಹೇಳಲೇಬೇಕು. ೧೧೫೨ರ ಶಾಸನವು ಪಕ್ಷದ ಕೆಲವು ಗೊತ್ತಾದ ತಿಥಿಗಳಲ್ಲಿ ಪ್ರಾಣಿವಧೆ ಕೂಡದೆಂದು ವಿಧಿಸುತ್ತದೆ. ಆಜ್ಞೆ ಹೊರಡಿಸಿದ್ದು ಶಿವರಾತ್ರಿಯಂದು, ಬರೆಸಿದ್ದು ಶಿವಾಲಯದಲ್ಲಿ; ಆದರೆ ಅದರ ಒಳಗಿನ ಉಸಿರು ಅಹಿಂಸಾಧರ್ಮದ್ದು. ೧೧೭೮ರ ಇನ್ನೊಂದು ಶಾಸನ, ತುರುಷ್ಕರು ಒಡೆದ ಮೂರ್ತಿಯ ಜಾಗದಲ್ಲಿ ಒಬ್ಬ ಅಧಿಕಾರಿಯ ಪತ್ನಿ ಹೊಸ ಮೂರ್ತಿಯನ್ನು ನಿಲ್ಲಿಸಿದ ಸಂಗತಿಯನ್ನು ಹೇಳುತ್ತದೆ. ಒಡೆದದ್ದನ್ನು ಕಂಡು ಆಕೆ ಸುಮ್ಮನೆ ಕೂಡಲಿಲ್ಲ. ಆದರೆ ಆಕೆಯ ತರುವಾಯ ಬಂದ ಶತಮಾನಗಳಲ್ಲಿ ಊರೇ ಬರಿದಾಯಿತು. ನಿಲ್ಲಿಸುವವರು ಇಲ್ಲದ ಮೇಲೆ ಬಿದ್ದ ಕಲ್ಲು ಬಿದ್ದಂತೆಯೇ ಉಳಿಯಿತು.

ಕತ್ತಲಾದ ಮೇಲೆ ಕಿರಾಡುವಿನಲ್ಲಿ ಉಳಿದವರು ಕಲ್ಲಾಗುತ್ತಾರೆಂದು ಸುತ್ತಿನ ಜನ ನಂಬುತ್ತಾರೆ. ಅದಕ್ಕೊಂದು ಕಥೆ. ಒಬ್ಬ ಸಾಧು ತನ್ನ ಶಿಷ್ಯನನ್ನು ಈ ಊರಿನಲ್ಲಿ ಬಿಟ್ಟು ಯಾತ್ರೆಗೆ ಹೋದನಂತೆ. ಶಿಷ್ಯನು ಕಾಯಿಲೆ ಬಿದ್ದ. ಊರಿನವರು ಯಾರೂ ತಿರುಗಿ ನೋಡಲಿಲ್ಲ. ಕುಂಬಾರರ ಹೆಂಗಸೊಬ್ಬಳು ಮಾತ್ರ ಆರೈಕೆ ಮಾಡಿದಳು. ಹಿಂದಿರುಗಿದ ಸಾಧು, ಕಲ್ಲಿನ ಮನಸ್ಸಿನವರು ಕಲ್ಲೇ ಆಗಲೆಂದು ಶಪಿಸಿದ. ಆ ಹೆಂಗಸಿಗೆ, ಹಿಂದಕ್ಕೆ ನೋಡದೆ ಊರು ಬಿಟ್ಟು ಹೋಗು ಎಂದ. ಆಕೆ ಕುತೂಹಲ ತಡೆಯಲಾರದೆ ಹಿಂದಿರುಗಿ ನೋಡಿ ತಾನೂ ಕಲ್ಲಾದಳು. ಈ ಕಥೆಯನ್ನು ಕೇಳಿ ನಗುವವರು ನಗಲಿ. ಊರು ಏಕೆ ಹಾಳಾಯಿತೆಂಬ ಪ್ರಶ್ನೆಗೆ ಜನ ಕಂಡುಕೊಂಡ ಉತ್ತರ ನನಗೇನೋ ಅರ್ಥವತ್ತಾಗಿಯೇ ತೋರಿತು: ತಮ್ಮ ಮಡಿಲಿಗೆ ಬಂದದ್ದನ್ನು ಕಾಯಲಿಲ್ಲ, ಆದ್ದರಿಂದ ಹಾಳಾಯಿತು.

ಬಾಡ್ಮೇರಿನಿಂದ ಉತ್ತರಕ್ಕೆ ಬಸ್ಸಿನಲ್ಲಿ ಅರ್ಧ ದಿನ ಪಯಣಿಸಿ ಜೈಸಲ್ಮೇರನ್ನು ಸೇರಿದೆವು. ವರ್ಷಕ್ಕೆ ಸುಮಾರು ೨೦೦ ಮಿಲಿಮೀಟರು ಮಳೆ ಬಿದ್ದರೆ ಇಲ್ಲಿಯವರಿಗೆ ಅದೇ ಸುಭಿಕ್ಷ. ನಮ್ಮ ಆಗುಂಬೆಯಲ್ಲಿ ಒಂದೇ ದಿನದಲ್ಲಿ ಅಷ್ಟು ಸುರಿದದ್ದುಂಟು! ಮೊದಲು ಅಲ್ಲಿಂದ ವಾಯವ್ಯಕ್ಕೆ ಸುಮಾರು ೧೫ ಕಿಲೋಮೀಟರು ದೂರದ ಲೋದ್ರವಾ ಎಂಬಲ್ಲಿಗೆ ಹೋದೆವು. ಜೈಸಲ್ಮೇರು ಹುಟ್ಟುವುದಕ್ಕೆ ಮುಂಚೆ ಭಾಟಿ ರಜಪೂತರ ರಾಜಧಾನಿಯಾಗಿದ್ದದ್ದು ಇದೇ. ಕಾಕ್ ಎಂಬ ನದಿಯ ಒಣಗಿದ ಪಾತ್ರದ ಬಳಿ, ಹಳೆಯ ಊರಿನ ಗುರುತೇ ಇಲ್ಲದ ಬಯಲಿನಲ್ಲಿ, ಪಾರ್ಶ್ವನಾಥನ ಗುಡಿಯೊಂದು ಬಂಗಾರದ ಬಣ್ಣದಿಂದ ಹೊಳೆಯುತ್ತ ನಿಂತಿದೆ. ದಾಳಿಗೆ ಸಿಕ್ಕಿ ಹಾಳಾಗಿದ್ದ ಇದನ್ನು ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ ಥಾಹರೂ ಶಾಹ ಎಂಬ ಜೈನ ವರ್ತಕನು ಮತ್ತೆ ಕಟ್ಟಿಸಿದನು. ರಾಜಧಾನಿ ಹೋಗಿ ನಾಲ್ಕು ಶತಮಾನಗಳೇ ಕಳೆದಿದ್ದವು. ನೋಡುವ ಜನವಿಲ್ಲ, ಹೊಗಳುವ ಆಸ್ಥಾನವಿಲ್ಲ. ಆದರೂ ಕಟ್ಟಿಸಿದ. ಗುಡಿಯ ಎದುರಿಗೆ ಸೂಕ್ಷ್ಮ ಕೆತ್ತನೆಯ ತೋರಣವೊಂದಿದೆ. ಮೇಲೆ ಲೋಹದಲ್ಲಿ ಮಾಡಿದ ಕಲ್ಪವೃಕ್ಷವಿದೆ. ಮರವೇ ಅಪರೂಪವಾದ ನೆಲದಲ್ಲಿ ಬೇಡಿದ್ದನ್ನೆಲ್ಲ ಕೊಡುವ ಮರವನ್ನು ಕಲ್ಪಿಸಿಕೊಂಡವರ ಆಸೆಗೆ ಯಾರು ತಾನೆ ತಲೆದೂಗುವುದಿಲ್ಲ?

ಇನ್ನು ಜೈಸಲ್ಮೇರಿನ ಕೋಟೆ. ೧೧೫೬ರಲ್ಲಿ ರಾವಲ ಜೈಸಲನು ಕಟ್ಟಿದ್ದರಿಂದ ಅದು ಜೈಸಲನ ಮೇರು, ಜೈಸಲ್ಮೇರು. ತ್ರಿಕೂಟವೆಂಬ ಬೆಟ್ಟದ ಮೇಲೆ ೯೯ ಕೊತ್ತಲಗಳುಳ್ಳ ಈ ಕೋಟೆಯ ಹಳದಿ ಕಲ್ಲು ಸಂಜೆಯ ಬಿಸಿಲಿಗೆ ಅಪರಂಜಿಯ ಹಾಗೆ ಕಾಣುತ್ತದೆ. ನಮ್ಮ ಚಿತ್ರದುರ್ಗದಂತೆ ಇದು ಬರಿದಾದ ಕೋಟೆಯಲ್ಲ. ಒಳಗೆ ಇಂದಿಗೂ ಸಾವಿರಾರು ಜನ ಸಂಸಾರ ಹೂಡಿಕೊಂಡಿದ್ದಾರೆ. ಓಣಿಗಳಲ್ಲಿ ಮಕ್ಕಳು ಆಡುತ್ತವೆ, ಹಸುಗಳು ಅಡ್ಡ ನಿಲ್ಲುತ್ತವೆ, ಕಿಟಕಿಗಳಿಂದ ಒಗ್ಗರಣೆಯ ವಾಸನೆ ಬರುತ್ತದೆ. ಇಂಥ ಓಣಿಯ ತಿರುವಿನಲ್ಲಿ ಏಳು ಜಿನಾಲಯಗಳ ಗುಂಪೊಂದಿದೆ. ಪಾರ್ಶ್ವನಾಥ, ಸಂಭವನಾಥ, ಶೀತಲನಾಥ, ಚಂದ್ರಪ್ರಭ, ಋಷಭದೇವ, ಶಾಂತಿನಾಥ, ಕುಂಥುನಾಥ ಇವರ ಗುಡಿಗಳು. ಹೆಚ್ಚಿನವು ಹದಿನೈದು ಹದಿನಾರನೆಯ ಶತಮಾನದವು. ಸಿಂಧ್ ಮತ್ತು ಗುಜರಾತಗಳ ನಡುವೆ ಓಡಾಡುತ್ತಿದ್ದ ಒಂಟೆಗಳ ವ್ಯಾಪಾರದಿಂದ ಬಂದ ಹಣ ಇಲ್ಲಿ ಕಲ್ಲಾಗಿ ಅರಳಿದೆ. ಹೊರಗಿನವರಿಗೆ ಬೆಳಗಿನ ಹೊತ್ತು ಮಾತ್ರ ಪ್ರವೇಶ. ತೊಗಲಿನ ಪದಾರ್ಥ ಏನಿದ್ದರೂ, ನಡುಪಟ್ಟಿಯಾದರೂ ಸರಿಯೇ, ಹೊರಗೆ ಇಟ್ಟು ಹೋಗಬೇಕು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬಂದೆ. ಸಂಭವನಾಥನ ಗುಡಿಯ ತಳದಲ್ಲಿ ನೆಲಮಾಳಿಗೆಯಿದೆ. ಅಲ್ಲಿರುವುದು ಹೊನ್ನಲ್ಲ, ಆಯುಧವಲ್ಲ, ಪುಸ್ತಕ. ಹದಿನೈದನೆಯ ಶತಮಾನದಲ್ಲಿ ಜಿನಭದ್ರಸೂರಿಗಳು ಸ್ಥಾಪಿಸಿದ ಜ್ಞಾನಭಂಡಾರವದು. ದಾಳಿಗಳ ಕಾಲದಲ್ಲಿ, ಗುಜರಾತದ ಪಾಟಣವೇ ಮುಂತಾದ ಊರುಗಳಲ್ಲಿ ಬರೆದ ತಾಳೆಗರಿಯ ಗ್ರಂಥಗಳೂ ಈ ದೂರದ ಕೋಟೆಯಲ್ಲಿ ನೆಲೆ ಕಂಡವು. ಒಣಹವೆಯಲ್ಲಿ ಗರಿಗೆ ಬೂಷ್ಟು ಹಿಡಿಯದು. ಮರಳಿನ ಸಮುದ್ರವನ್ನು ದಾಟಿ ಸೈನ್ಯಗಳೂ ಸುಲಭವಾಗಿ ಬಾರವು. ಜೀವಕ್ಕೆ ಎರವಾದ ಮರುಭೂಮಿ ಪುಸ್ತಕಗಳಿಗೆ ತಾಯಿಯ ಮಡಿಲಾಯಿತು.

೧೮೭೪ರಲ್ಲಿ ಜಾರ್ಜ್ ಬ್ಯೂಲರ್ ಎಂಬ ಜರ್ಮನ್ ವಿದ್ವಾಂಸನು, ಆಗಿನ್ನೂ ತರುಣನಾಗಿದ್ದ ಹರ್ಮನ್ ಯಾಕೋಬಿಯೊಡನೆ ಇಲ್ಲಿಗೆ ಬಂದನು. ಅವರ ಕೈಗೆ ತಾಳೆಗರಿಯ ಒಂದು ಕಟ್ಟು ಸಿಕ್ಕಿತು. ಬಿಚ್ಚಿ ನೋಡಿದರೆ ಅದು ಬಿಲ್ಹಣನ 'ವಿಕ್ರಮಾಂಕದೇವಚರಿತ'! ನಮ್ಮ ಕಲ್ಯಾಣದ ಚಾಲುಕ್ಯ ಚಕ್ರವರ್ತಿ, ೧೦೭೬ರಿಂದ ೧೧೨೬ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಚರಿತ್ರೆಯನ್ನು ಹದಿನೆಂಟು ಸರ್ಗಗಳಲ್ಲಿ ಹೇಳುವ ಸಂಸ್ಕೃತ ಕಾವ್ಯ. ವಿದ್ವಾಂಸರ ಲೋಕಕ್ಕೆ ಅಂದು ಸಿಕ್ಕಿದ್ದು ಅದೊಂದೇ ಪ್ರತಿ. ಇಬ್ಬರೂ ಕುಳಿತು ಅದನ್ನು ನಕಲು ಮಾಡಿಕೊಂಡರು. ೧೮೭೫ರಲ್ಲಿ ಬ್ಯೂಲರನು ಅದನ್ನು ಅಚ್ಚು ಹಾಕಿಸಿದನು.

ಸ್ವಲ್ಪ ಯೋಚಿಸಿ ನೋಡಿ. ಕವಿ ಕಾಶ್ಮೀರದವನು. ಕಾವ್ಯದ ನಾಯಕ ಕನ್ನಡ ನಾಡಿನ ದೊರೆ. ಕಾವ್ಯವನ್ನು ಕಾಯ್ದವರು ಮರುಭೂಮಿಯ ಜೈನ ಯತಿಗಳು. ಆ ಕಾವ್ಯ ಅವರ ಧರ್ಮಗ್ರಂಥವಲ್ಲ, ಅವರ ದೊರೆಯ ಕಥೆಯೂ ಅಲ್ಲ. ಅದನ್ನು ಬಿಸುಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆದರೂ ತಮ್ಮ ಆಗಮಗಳ ಪಕ್ಕದಲ್ಲಿಯೇ ಅದಕ್ಕೂ ಸ್ಥಳ ಕೊಟ್ಟು, ಬಟ್ಟೆಯಲ್ಲಿ ಸುತ್ತಿ, ಹಲಗೆ ಕಟ್ಟಿ, ತಲೆಮಾರಿನಿಂದ ತಲೆಮಾರಿಗೆ ಒಪ್ಪಿಸಿದರು. ಮೂವತ್ತು ವರ್ಷಗಳಿಂದ ವಿಕ್ರಮಾದಿತ್ಯನ ವಿಷಯವನ್ನು ಹುಡುಗರಿಗೆ ಹೇಳುತ್ತ ಬಂದ ನಾನು, ಆ ಕಾವ್ಯ ನಮಗೆ ಉಳಿದು ಬಂದದ್ದು ಎಲ್ಲಿಂದ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ!

ಇದೊಂದೇ ಅಲ್ಲ. ಓಸಿಯಾದಲ್ಲಿ ಕಂಡ ವತ್ಸರಾಜನನ್ನು ನೆನೆಯಿರಿ. ಅವನ ಆಳಿಕೆಯಲ್ಲಿ, ಕ್ರಿ. ಶ. ೭೭೯ರಲ್ಲಿ, ಜಾಲೋರಿನಲ್ಲಿ ಉದ್ಯೋತನಸೂರಿಯು 'ಕುವಲಯಮಾಲಾ' ಎಂಬ ಪ್ರಾಕೃತ ಕಾವ್ಯವನ್ನು ಮುಗಿಸಿದನು. ಅದರಲ್ಲಿ ಒಂದು ಪೇಟೆಯ ವರ್ಣನೆ ಬರುತ್ತದೆ. ನಾನಾ ದೇಶದ ವರ್ತಕರು ತಮ್ಮ ತಮ್ಮ ಮಾತಿನಲ್ಲಿ ಕೂಗಾಡುತ್ತಿರುತ್ತಾರೆ. ಅವರ ನಡುವೆ ನಮ್ಮ ಕನ್ನಡಿಗರೂ ಇದ್ದಾರೆ. ಈ ಕಾವ್ಯದ ಹಳೆಯ ತಾಳೆಗರಿಯ ಪ್ರತಿ ದೊರೆತದ್ದು ಜೈಸಲ್ಮೇರಿನಲ್ಲಿಯೇ. ಅದನ್ನೂ ಪುಣೆಯ ಇನ್ನೊಂದು ಪ್ರತಿಯನ್ನೂ ಇಟ್ಟುಕೊಂಡು ೧೯೫೯ರಲ್ಲಿ ಸಂಪಾದಿಸಿ ಕೊಟ್ಟವರು ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆಯವರು. ಮರುಭೂಮಿ ಕಾಯ್ದು ಕೊಟ್ಟದ್ದನ್ನು ಕನ್ನಡ ನಾಡಿನ ಮಗನೊಬ್ಬ ಲೋಕಕ್ಕೆ ಓದಿಸಿದ. ಆ ಭಂಡಾರದ ಕಟ್ಟುಗಳನ್ನೆಲ್ಲ ಕ್ರಮಪಡಿಸಿದ ಪುಣ್ಯ ಮುನಿ ಪುಣ್ಯವಿಜಯರದು. ೧೯೫೦ರ ಸುಮಾರಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಅವರು ಅಲ್ಲಿಯೇ ನಿಂತು ಈ ಕೆಲಸ ಮಾಡಿದರು.

ಈ ಋಣ ಒಂದೇ ಕಡೆಯದೆಂದು ನೀವು ತಿಳಿಯಬಾರದು. ಗುಜರಾತದ ಗಿರಿನಾರಿನ ಗುಹೆಯಲ್ಲಿ ಧರಸೇನಾಚಾರ್ಯರು ಇಬ್ಬರು ಶಿಷ್ಯರಿಗೆ ಉಪದೇಶಿಸಿದ್ದೇ ಷಟ್ಖಂಡಾಗಮವಾಯಿತೆಂದು ದಿಗಂಬರ ಜೈನರ ಪರಂಪರೆ ಹೇಳುತ್ತದೆ. ಅದೂ ಅದರ ಧವಳಾ ಟೀಕೆಯೂ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದು ಬಂದದ್ದು ನಮ್ಮ ಮೂಡಬಿದಿರೆಯ ಬಸದಿಯಲ್ಲಿ. ಅವರದನ್ನು ನಾವು ಕಾಯ್ದೆವು, ನಮ್ಮದನ್ನು ಅವರು ಕಾಯ್ದರು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಸಂಗತಿ ನಿಮಗೆ ಗೊತ್ತೇ ಇದೆ. ಶಾಸ್ತ್ರದಾನವೆಂಬ ಆ ಧರ್ಮವೇ ಇಲ್ಲಿ ಜೈಸಲ್ಮೇರಿನಲ್ಲಿ ನೆಲಮಾಳಿಗೆಯಾಗಿ ಕುಳಿತಿದೆ.

ಯಾತ್ರಿಕರಿಗಾಗಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿರುವ ಕೆಲವು ಗರಿಗಳನ್ನು ಬಗ್ಗಿ ನೋಡುತ್ತಿದ್ದೆ. ನಮ್ಮಲ್ಲಿ ಕಂಠದಿಂದ ಗೀರಿ ಮಸಿ ತುಂಬುವಂತಲ್ಲ. ಅಲ್ಲಿಯವರು ಗರಿಯ ಮೇಲೆ ಮಸಿಯಿಂದಲೇ ಬರೆದಿದ್ದಾರೆ. ಬಹು ಕಾಲದ ಹಿಂದಿನ ಅಕ್ಷರ ನೆನ್ನೆ ಬರೆದಂತಿದೆ. ಅಲ್ಲಿ ಕುಳಿತಿದ್ದ ವೃದ್ಧರು ನಮ್ಮನ್ನು ಎಲ್ಲಿಯವರೆಂದು ಕೇಳಿದರು. ಕರ್ನಾಟಕದವರೆಂದೆ. ನನಗೆ ಬರುವ ಹಿಂದಿಯಲ್ಲಿ ಬಿಲ್ಹಣನ ವಿಷಯ ಹೇಳಿ, "ನಮ್ಮ ರಾಜನ ಕಥೆ ಇಲ್ಲಿ ಉಳಿದಿತ್ತು, ನಿಮ್ಮ ಹಿರಿಯರಿಗೆ ನಾವು ಋಣಿಗಳು" ಎಂದೆ. ಅವರು ನಕ್ಕು, "ಇದನ್ನೆಲ್ಲ ಓದುವಷ್ಟು ವಿದ್ಯೆ ನನಗಿಲ್ಲ. ನಾನು ಕಾಯುವವನು ಅಷ್ಟೆ. ನಿಮ್ಮಲ್ಲಿಯೂ ಗರಿಗಳಿರಬೇಕಲ್ಲ, ಹೇಗೆ ಇಟ್ಟುಕೊಂಡಿದ್ದೀರಿ?" ಎಂದರು.

ಆ ಪ್ರಶ್ನೆಗೆ ನಾನು ಉತ್ತರ ಹೇಳಲಿಲ್ಲ. ಹೇಳುವ ಮುಖ ನನಗಿರಲಿಲ್ಲ. ನಮ್ಮ ಊರಿನ ಮನೆಯ ಅಟ್ಟದ ಮೇಲೆ ತಾತನವರ ಕಾಲದ ಮೂರು ಕಟ್ಟು ಓಲೆಗರಿಗಳಿದ್ದವು. ತಾತನವರು ಇರುವಷ್ಟು ಕಾಲ ವರ್ಷಕ್ಕೊಮ್ಮೆ ಸರಸ್ವತೀಪೂಜೆಯ ದಿನ ಕೆಳಗಿಳಿಸಿ, ಧೂಳು ಕೊಡವಿ, ಎಣ್ಣೆ ಸವರಿ ಇಡುತ್ತಿದ್ದರು. ಅವರು ಹೋದ ಮೇಲೆ ಯಾರೂ ಮುಟ್ಟಲಿಲ್ಲ. ಒಂದು ವರ್ಷ ಮನೆಗೆ ಸುಣ್ಣ ಹೊಡೆಸುವಾಗ ನೋಡಿದರೆ ಹುಳು ಹಿಡಿದಿತ್ತು. ಹಳೆಯ ಗ್ರಂಥ ಮನೆಯಲ್ಲಿ ಹಾಳಾಗಬಾರದು, ಗಂಗೆಗೆ ಬಿಡಬೇಕು ಎಂದರು ಹಿರಿಯರು. ಆಗ ನಾನು ಹೈಸ್ಕೂಲಿನಲ್ಲಿ ಓದುವ ಹುಡುಗ. ಹೊಳೆಗೆ ಕೊಂಡೊಯ್ದು ಬಿಟ್ಟವನು ನಾನೇ. ಮೊದಲ ಎರಡು ಕಟ್ಟು ಮುಳುಗಿದವು. ಮೂರನೆಯದರ ದಾರ ಬಿಚ್ಚಿ, ಗರಿಗಳು ಒಂದೊಂದಾಗಿ ತೇಲಿಹೋದವು. ಅವುಗಳಲ್ಲಿ ಏನಿತ್ತು? ಹೆಸರಾದ ಕಾವ್ಯದ ಇನ್ನೊಂದು ಪ್ರತಿಯಿದ್ದೀತು, ವೈದ್ಯವಿದ್ದೀತು, ಮನೆಯ ಲೆಕ್ಕವೇ ಇದ್ದೀತು. ಇನ್ನು ಅದು ತಿಳಿಯುವಂತಿಲ್ಲ. ಪಂಡಿತ ಪರೀಕ್ಷೆಯಲ್ಲಿ ಗ್ರಂಥಸಂಪಾದನೆಯ ಪಾಠ ಓದುವಾಗಲೂ ನನಗೆ ಆ ಹೊಳೆ ನೆನಪಾಗಲಿಲ್ಲ. ಜೈಸಲ್ಮೇರಿನಲ್ಲಿ, ಗರಿ ಓದಲು ಬಾರದ ಆ ವೃದ್ಧರ ಮುಂದೆ, ನೆನಪಾಯಿತು.

ಕಾಯುವ ಕೆಲಸಕ್ಕೆ ಕೊನೆಯೆಂಬುದಿಲ್ಲ. ಜೈಸಲ್ಮೇರಿನ ಕೋಟೆಗೇ ಈಗ ಹೊಸದೊಂದು ಕಂಟಕ ಬಂದಿದೆ, ಅದು ನೀರು! ಹಿಂದೆ ಕೆಳಗಿನ ಗಡೀಸರ ಕೆರೆಯಿಂದ ಹೆಂಗಸರು ಕೊಡಗಳಲ್ಲಿ ಹೊತ್ತು ತರುತ್ತಿದ್ದ ನೀರು ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕೊಳಾಯಿ ಬಂತು, ಪ್ರವಾಸಿಗಳು ಬಂದರು, ವಸತಿಗೃಹಗಳಾದವು. ಬಳಸಿ ಬಿಟ್ಟ ನೀರು ಬೆಟ್ಟದೊಳಗೆ ಇಂಗಿ, ಅಡಿಯ ಜೇಡಿಪದರ ಮೆದುವಾಗಿ, ಗೋಡೆ ಕೊತ್ತಲಗಳು ಕುಸಿಯತೊಡಗಿದವು. ೧೯೯೬ರಲ್ಲಿಯೇ ವಿಶ್ವ ಸ್ಮಾರಕ ನಿಧಿಯವರು ಇದನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿದರು. ೨೦೧೩ರಲ್ಲಿ ರಾಜಸ್ಥಾನದ ಇತರ ಗಿರಿದುರ್ಗಗಳೊಡನೆ ಯುನೆಸ್ಕೋದ ವಿಶ್ವಪರಂಪರೆಯ ಮಾನ್ಯತೆಯೂ ಬಂತು. ನೀವು ಅಲ್ಲಿಗೆ ಹೋದರೆ ಕೋಟೆಯ ಒಳಗೆ ಉಳಿಯದೆ ಕೆಳಗಿನ ಊರಿನಲ್ಲಿ ಇಳಿದುಕೊಳ್ಳಿ. ನೋಡಲು ಹೋದವರು ಮಾಡಬಹುದಾದ ಚಿಕ್ಕ ಕಾವಲು ಅದು.

ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಎಲ್ಲಿ ಪ್ರಾಣಿಗಳು ಸಾಯುತ್ತವೆಯೋ ಅದು ಮರು ಎಂದು ಈಗಲೂ ಹುಡುಗರಿಗೆ ಹೇಳುತ್ತೇನೆ. ಆಮೇಲೆ, ಸಾಯಬೇಕಾಗಿದ್ದ ಎಷ್ಟನ್ನೋ ಸಾಯಗೊಡದೆ ಉಳಿಸಿಕೊ‌ಟ್ಟ ನೆಲವೂ ಅದೇ ಎಂದು ಸೇರಿಸುತ್ತೇನೆ. ನೀರೂ ನೆರಳೂ ತುಂಬಿದ ನಮ್ಮ ನಾಡಿನಲ್ಲಿ ನಾವು ಹೊಳೆಗೆ ಬಿಟ್ಟದ್ದೆಷ್ಟು!

ನಿಮ್ಮ ಮನೆಯ ಅಟ್ಟದ ಮೇಲೆ, ದೇವರ ಮನೆಯ ಮೂಲೆಯಲ್ಲಿ ಓಲೆಗರಿಯ ಕಟ್ಟೊಂದು ಇರಬಹುದು. ಓದಲು ಬಾರದೆಂದು ಅದನ್ನು ತಾತ್ಸಾರ ಮಾಡಬೇಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೋ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ಒಂದು ಕಾಗದ ಬರೆಯಿರಿ. ತಂಜಾವೂರಿನ ಕಡೆಯ ಪಂಡಿತರೊಬ್ಬರು ಮೈಸೂರಿನ ಭಂಡಾರಕ್ಕೆ ತಂದೊಪ್ಪಿಸಿದ ಕಟ್ಟಿನಲ್ಲಿಯೇ ಶಾಮಾಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ದೊರೆತು, ೧೯೦೯ರಲ್ಲಿ ಅಚ್ಚಾಯಿತು. ಆ ಪಂಡಿತರೂ ಅದನ್ನು ಹೊಳೆಗೆ ಬಿಡಬಹುದಾಗಿತ್ತು. ಬಿಡಲಿಲ್ಲ.

ಈ ವರ್ಷದ ಸರಸ್ವತೀಪೂಜೆಗೆ ಮುಂಚೆ ಒಮ್ಮೆ ಏಣಿ ಹಾಕಿ ಅಟ್ಟ ಹತ್ತಿ ನೋಡಿ. ಮರುಭೂಮಿಯ ಯಾತ್ರೆಗೆ ಆಮೇಲೆ ಹೊರಡುವಿರಂತೆ.